ರೈಲಿನಲ್ಲಿ ಈಡೇಲ್‌ಗೆ, ನಡೆದು ಕ್ಯಾಸಲ್ಟನ್‌ಗೆ: ಇಂಗ್ಲೆಂಡಿನಲ್ಲಿ ಓದುವವರಿಗೆ ಒಂದು ದಿನದ ಹಳ್ಳಿಗಾಡಿನ ದಾರಿ

ಇಂಗ್ಲೆಂಡಿಗೆ ಓದಲು ಹೋದವರು ಮೊದಲ ವರ್ಷ ಹೆಚ್ಚಾಗಿ ನೋಡುವುದು ಲೈಬ್ರರಿ, ಪಾರ್ಟ್‌ಟೈಮ್ ಕೆಲಸದ ಜಾಗ, ಮತ್ತೆ ಒಂದೆರಡು ಸಲ ಲಂಡನ್. ಹಳ್ಳಿಗಾಡು ನೋಡಬೇಕು ಅನಿಸಿದಾಗ ಕೋಚ್ ಟೂರ್ ಬುಕ್ ಮಾಡುತ್ತಾರೆ. ಬಸ್ಸು ನಿಂತಲ್ಲಿ ಇಳಿದು, ಫೋಟೋ ತೆಗೆದು, ಮತ್ತೆ ಹತ್ತುವುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ದೇಶದ ಹಳ್ಳಿಗಾಡನ್ನು ನಡೆದೇ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೆ ಕಾರು ಬೇಡ, ಗೈಡ್ ಬೇಡ. ಒಂದು ರೈಲು ಟಿಕೆಟ್, ನೀರು ತಡೆಯುವ ಜಾಕೆಟ್, ಒಂದು ಮ್ಯಾಪ್ ಇದ್ದರೆ ಸಾಕು.

ಇಲ್ಲಿ ಹೇಳುತ್ತಿರುವುದು ಪೀಕ್ ಡಿಸ್ಟ್ರಿಕ್ಟಿನ ಒಂದು ದಾರಿ. ಶೆಫೀಲ್ಡ್ ಮತ್ತು ಮ್ಯಾಂಚೆಸ್ಟರ್ ನಡುವೆ ಹೋಪ್ ವ್ಯಾಲಿ ಲೈನ್ ಎಂಬ ರೈಲು ಮಾರ್ಗವಿದೆ. ಅದರಲ್ಲಿ ಈಡೇಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕು. ಒಂದು ಬೆಟ್ಟದ ಸಾಲು ಹತ್ತಿ, ಮ್ಯಾಮ್ ಟೋರ್ ಶಿಖರ ದಾಟಿ, ಆಚೆ ಬದಿಯ ಕ್ಯಾಸಲ್ಟನ್ ಊರಿಗೆ ಇಳಿಯಬೇಕು. ಅಲ್ಲಿಂದ ಬಯಲಲ್ಲಿ ನಡೆದು ಹೋಪ್ ಸ್ಟೇಷನ್ನಿನಲ್ಲಿ ವಾಪಸ್ ರೈಲು ಹಿಡಿಯಬೇಕು. ಒಟ್ಟು ಸುಮಾರು 12 ಕಿ.ಮೀ. ನಡಿಗೆ.

ಮೊದಲೇ ಒಂದು ವಿಷಯ. ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್, 1951ರಲ್ಲಿ ಆದದ್ದು. ಹಾಗಂತ ಬಂಡೀಪುರ, ನಾಗರಹೊಳೆ ನೆನೆಸಿಕೊಳ್ಳಬೇಡಿ. ಗೇಟು, ಸಫಾರಿ, ಪ್ರವೇಶ ಶುಲ್ಕ ಯಾವುದೂ ಇಲ್ಲ. ಒಳಗೆ ಊರುಗಳಿವೆ, ಕುರಿ ಸಾಕುವ ಮನೆಗಳಿವೆ, ಸ್ಕೂಲುಗಳಿವೆ. ಜಮೀನಿನ ಬಹುಪಾಲು ಖಾಸಗಿಯವರದೇ. ಆ ಜಮೀನಿನ ನಡುವೆ ನಡೆಯುವ ಹಕ್ಕು ಮಾತ್ರ ಎಲ್ಲರದು. ಈ ಹಕ್ಕು ಎಲ್ಲಿಂದ ಬಂತು ಎಂಬುದನ್ನು ಬೆಟ್ಟದ ಮೇಲೆ ಹೇಳುತ್ತೇನೆ.

ಯಾವಾಗ ಹೋಗುವುದು

ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಹೋದರೆ ಹೊಲಗಳ ತುಂಬ ಕುರಿಮರಿಗಳು. ಆಗಸ್ಟ್‌ನಲ್ಲಿ ಎತ್ತರದ ಬೋಳು ಬೆಟ್ಟಗಳ ಮೇಲೆ ಹೆದರ್ ಗಿಡ ನೇರಳೆ ಬಣ್ಣದಲ್ಲಿ ಅರಳುತ್ತದೆ.

ಬೆಳಕಿನ ಲೆಕ್ಕ ನಮ್ಮವರಿಗೆ ಅಭ್ಯಾಸವಿಲ್ಲ. ನಮ್ಮಲ್ಲಿ ವರ್ಷವಿಡೀ ಸೂರ್ಯ ಹೆಚ್ಚುಕಡಿಮೆ ಆರರಿಂದ ಏಳರೊಳಗೆ ಮುಳುಗುತ್ತಾನೆ. ಅಲ್ಲಿ ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕು, ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಅದರ ಮರುವಾರ ಹೊರಟವರಿಗೆ ಸಂಜೆ ಏಕಾಏಕಿ ಕೈಕೊಡುತ್ತದೆ. ಸೆಪ್ಟೆಂಬರ್‌ನಲ್ಲಿ ಕೋರ್ಸ್ ಶುರುವಾದವರು ಮೊದಲ ಎರಡು ಮೂರು ವಾರದೊಳಗೇ ಒಂದು ಸಲ ಹೋಗಿಬನ್ನಿ. ಅಸೈನ್‌ಮೆಂಟ್ ಶುರುವಾದ ಮೇಲೆ ಬೆಳಕೂ ಇರಲ್ಲ, ಬಿಡುವೂ ಇರಲ್ಲ.

ಹಿಂದಿನ ರಾತ್ರಿ ಅಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಪರ್ವತ ಹವಾಮಾನ ಪುಟ ನೋಡಿ. ಪೀಕ್ ಡಿಸ್ಟ್ರಿಕ್ಟಿಗೆ ಬೇರೆಯೇ ಮುನ್ಸೂಚನೆ ಇರುತ್ತದೆ. ಮಳೆಗಿಂತ ಗಾಳಿಯ ವೇಗ ಮುಖ್ಯ. ಗಾಳಿ ಜೋರಿದ್ದರೆ ಇನ್ನೊಂದು ವಾರ ಮುಂದೂಡಿ.

ಟಿಕೆಟ್

ವಿದ್ಯಾರ್ಥಿಗಳು 16-25 ರೈಲ್‌ಕಾರ್ಡ್ ಮಾಡಿಸಿಕೊಂಡರೆ ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ವಯಸ್ಸು 26 ದಾಟಿದೆ, ನನಗೆ ಸಿಗಲ್ಲ ಅಂತ ಬಹಳ ಜನ ಸುಮ್ಮನಾಗುತ್ತಾರೆ. ಫುಲ್‌ಟೈಮ್ ಓದುತ್ತಿದ್ದರೆ ಯಾವ ವಯಸ್ಸಿನವರಿಗೂ ಸಿಗುತ್ತದೆ. ಯೂನಿವರ್ಸಿಟಿಯಿಂದ ದೃಢೀಕರಣ ಬೇಕು, ಅಷ್ಟೇ. ವಾರದ ದಿನ ಬೆಳಗಿನ ಹೊತ್ತಲ್ಲಿ ಕನಿಷ್ಠ ದರದ ನಿಯಮವಿದೆ, ರಿಯಾಯಿತಿ ಇದ್ದರೂ ಟಿಕೆಟ್ ಅದಕ್ಕಿಂತ ಕಡಿಮೆಯಾಗಲ್ಲ. ಶನಿವಾರ, ಭಾನುವಾರ ಹೋದರೆ ಆ ತಲೆನೋವಿಲ್ಲ.

ಇಳಿಯುವುದು ಈಡೇಲ್, ಹತ್ತುವುದು ಹೋಪ್. ಎರಡು ಸಿಂಗಲ್ ಟಿಕೆಟ್ ತೆಗೆಯಬೇಡಿ. ನಿಮ್ಮ ಊರಿಂದ ಯಾವ ಸ್ಟೇಷನ್ ದೂರವೋ ಅಲ್ಲಿಗೆ ಒಂದು ಆಫ್-ಪೀಕ್ ರಿಟರ್ನ್ (ದಟ್ಟಣೆಯಿಲ್ಲದ ಹೊತ್ತಿಗೆ ಹೋಗಿಬರುವ ಟಿಕೆಟ್) ತೆಗೆಯಿರಿ. ಶೆಫೀಲ್ಡಿನಿಂದ ಬರುವವರಿಗೆ ದೂರದ್ದು ಈಡೇಲ್. ಮ್ಯಾಂಚೆಸ್ಟರ್‌ನಿಂದ ಬರುವವರಿಗೆ ದೂರದ್ದು ಹೋಪ್. ದಾರಿ ನಡುವೆ ಇಳಿಯಲು, ಹತ್ತಲು ಈ ಟಿಕೆಟ್‌ನಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ನಿಗದಿತ ರೈಲಿಗೆ ಮೊದಲೇ ಕೊಳ್ಳುವ ಅಡ್ವಾನ್ಸ್ ಟಿಕೆಟ್‌ನಲ್ಲಿ ಇದು ನಡೆಯಲ್ಲ. ರೈಲು ಹತ್ತುವ ಮೊದಲೇ ಟಿಕೆಟ್ ಕೈಯಲ್ಲಿರಲಿ, ಇಲ್ಲವಾದರೆ ದಂಡ ಕಟ್ಟಬೇಕಾಗಬಹುದು.

ನಾರ್ದರ್ನ್ ಕಂಪನಿಯ ನಿಧಾನದ ರೈಲುಗಳು ಇಲ್ಲಿ ನಿಲ್ಲುತ್ತವೆ, ಹೆಚ್ಚುಕಡಿಮೆ ಗಂಟೆಗೊಂದು. ಅದೇ ಹಳಿಯ ಮೇಲೆ ಓಡುವ ಫಾಸ್ಟ್ ರೈಲುಗಳು ಈ ಸಣ್ಣ ಸ್ಟೇಷನ್ನುಗಳನ್ನು ದಾಟಿ ಹೋಗಿಬಿಡುತ್ತವೆ. ಅವಸರದಲ್ಲಿ ಅದನ್ನು ಹತ್ತಬೇಡಿ. ಶೆಫೀಲ್ಡಿನಿಂದ ಅರ್ಧ ಗಂಟೆ ಚಿಲ್ಲರೆ, ಮ್ಯಾಂಚೆಸ್ಟರ್‌ನಿಂದ ಮುಕ್ಕಾಲು ಗಂಟೆ. ಶೆಫೀಲ್ಡ್ ಕಡೆಯಿಂದ ಬಂದರೆ ಟಾಟ್ಲಿ ಸುರಂಗ ಸಿಗುತ್ತದೆ. ಐದು ಕಿ.ಮೀ.ಗಿಂತ ಉದ್ದ. ಈ ಕಡೆ ಊರಿನ ಮನೆಗಳು, ಸುರಂಗ ಮುಗಿದ ಕೂಡಲೇ ಗ್ರಿಂಡಲ್‌ಫರ್ಡ್‌ನ ಕಾಡು. ಆ ಹೊತ್ತಿಗೆ ಮೊಬೈಲ್ ಕೆಳಗಿಟ್ಟು ಕಿಟಕಿ ನೋಡಿ.

ಬ್ಯಾಗಿನಲ್ಲಿ ಏನಿರಬೇಕು

ಮ್ಯಾಮ್ ಟೋರ್ ಎತ್ತರ 517 ಮೀಟರ್. ಇಡೀ ಪೀಕ್ ಡಿಸ್ಟ್ರಿಕ್ಟಿನಲ್ಲೇ ಎತ್ತರದ ಕಿಂಡರ್ ಸ್ಕೌಟ್ ಕೂಡ 636 ಮೀಟರ್. ಬೆಂಗಳೂರು ನಗರವೇ ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿ 1,930 ಮೀಟರ್. ಹಾಗಾಗಿ ನಮ್ಮವರು ಆ ಅಂಕಿ ನೋಡಿ ‘ಇಷ್ಟೇನಾ’ ಅಂದುಕೊಳ್ಳುತ್ತಾರೆ. ಎತ್ತರ ಕಡಿಮೆ ನಿಜ. ಆದರೆ ಅಲ್ಲಿ ಮೇಲೆ ಮರವಿಲ್ಲ, ಮರೆಯಿಲ್ಲ. ಕೆಳಗೆ ಬಿಸಿಲಿದ್ದರೂ ಮೇಲೆ ಗಾಳಿ ಮೈ ಕೊರೆಯುತ್ತದೆ. ಬಟ್ಟೆ ಒದ್ದೆಯಾಗಿ, ಮೇಲೆ ಗಾಳಿ ಬೀಸಿದರೆ ಬೇಸಿಗೆಯಲ್ಲೂ ಮೈ ನಡುಗುತ್ತದೆ.

ಅದಕ್ಕೇ ಜೀನ್ಸ್ ಬೇಡ. ಒದ್ದೆಯಾದರೆ ಒಣಗಲ್ಲ, ಭಾರವಾಗುತ್ತದೆ, ತಣ್ಣಗೆ ಕಾಲಿಗೆ ಅಂಟಿಕೊಳ್ಳುತ್ತದೆ. ಟ್ರ್ಯಾಕ್ ಪ್ಯಾಂಟೇ ಎಷ್ಟೋ ವಾಸಿ. ಮೇಲೆ ಒಂದು ಟೀಶರ್ಟ್, ಒಂದು ಫ್ಲೀಸ್, ಅದರ ಮೇಲೆ ನೀರು ತಡೆಯುವ ಜಾಕೆಟ್. ಸೆಕೆಯಾದಾಗ ಒಂದೊಂದೇ ತೆಗೆಯಬಹುದು. ಕೊಡೆ ಆ ಗಾಳಿಗೆ ನಿಲ್ಲಲ್ಲ. ಶೂ ತಳದಲ್ಲಿ ಹಿಡಿತ ಇರಬೇಕು, ಸವೆದ ಸ್ನೀಕರ್ಸ್ ಹುಲ್ಲಿನ ಇಳಿಜಾರಿನಲ್ಲಿ ಜಾರುತ್ತದೆ. ಹೊಸದಕ್ಕೆ ಜಾಸ್ತಿ ಖರ್ಚು ಮಾಡಬೇಕಿಲ್ಲ. ಬಳಸಿದ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಒಳ್ಳೆಯ ಫ್ಲೀಸ್, ಬೂಟು ಕಡಿಮೆ ಬೆಲೆಗೆ ಸಿಗುತ್ತವೆ.

ಮ್ಯಾಪ್ ಬಗ್ಗೆ ಸ್ವಲ್ಪ ಒತ್ತಿ ಹೇಳುತ್ತೇನೆ. ಈಡೇಲ್ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಗೂಗಲ್ ಮ್ಯಾಪ್ ಅಲ್ಲಿನ ಕಾಲುದಾರಿಗಳನ್ನು ಸರಿಯಾಗಿ ತೋರಿಸುವುದೂ ಇಲ್ಲ. ಆರ್ಡ್‌ನೆನ್ಸ್ ಸರ್ವೆ ಎಂಬ ಸಂಸ್ಥೆ 1791ರಿಂದ ಆ ದೇಶದ ನಕ್ಷೆ ಮಾಡುತ್ತಿದೆ. ಅವರ ಎಕ್ಸ್‌ಪ್ಲೋರರ್ ಸರಣಿಯ ಕಿತ್ತಳೆ ಹೊದಿಕೆಯ ಮ್ಯಾಪ್‌ಗಳಲ್ಲಿ ಒಂದೊಂದು ಕಲ್ಲುಗೋಡೆಯೂ ಕಾಣುತ್ತದೆ. ಈ ಜಾಗಕ್ಕೆ ಬೇಕಾದದ್ದು ಓಎಲ್ 1 ಎಂಬ ನಂಬರಿನ ಮ್ಯಾಪ್. ಹಸಿರು ಚುಕ್ಕೆಗೆರೆ ಇದ್ದಲ್ಲಿ ಸಾರ್ವಜನಿಕ ಕಾಲುದಾರಿ. ತಿಳಿ ಹಳದಿ ಬಣ್ಣದ ಜಾಗದಲ್ಲಿ ದಾರಿ ಬಿಟ್ಟೂ ನಡೆಯಬಹುದು. ಕಾಗದದ ಮ್ಯಾಪ್ ಸಾರ್ವಜನಿಕ ಲೈಬ್ರರಿಗಳಲ್ಲಿ ಎರವಲು ಸಿಗುವುದುಂಟು. ಆ್ಯಪ್ ಬಳಸುವುದಾದರೆ ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ. ಪವರ್ ಬ್ಯಾಂಕ್ ಮರೆಯಬೇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ನೀರು ಒಂದೂವರೆ ಲೀಟರ್. ಹಳ್ಳದ ನೀರು ತಿಳಿಯಾಗಿ ಕಂಡರೂ ಕುಡಿಯಬೇಡಿ, ಮೇಲೆಲ್ಲ ಕುರಿ ಮೇಯುತ್ತವೆ. ಊಟಕ್ಕೆ ಚಪಾತಿ ಪಲ್ಯ ಸುತ್ತಿಕೊಂಡು ಹೋಗುವುದು ಎಲ್ಲಕ್ಕಿಂತ ಸುಲಭ. ಚಿತ್ರಾನ್ನ, ಪುಳಿಯೋಗರೆ ಕೂಡ ಕೆಡಲ್ಲ, ಆದರೆ ಗಾಳಿಯಲ್ಲಿ ಡಬ್ಬಿ ಹಿಡಿದು ಚಮಚದಲ್ಲಿ ತಿನ್ನುವುದು ಕಷ್ಟ. ಒಂದು ಸೀಟಿ, ಸಣ್ಣ ಟಾರ್ಚ್, ಎರಡು ಬ್ಯಾಂಡೇಡ್ ಹಾಕಿಕೊಳ್ಳಿ.

ಈಡೇಲ್‌ನಿಂದ ಹಾಲಿನ್ಸ್ ಕ್ರಾಸ್

ಬೆಳಗ್ಗೆ ಹತ್ತರೊಳಗೆ ಈಡೇಲ್ ತಲುಪಿ. ಇಳಿದ ಕೂಡಲೇ ಹೋಪ್‌ನಿಂದ ವಾಪಸ್ ಬರುವ ರೈಲುಗಳ ಸಮಯದ ಫೋಟೋ ತೆಗೆದಿಟ್ಟುಕೊಳ್ಳಿ, ಕೊನೆಯ ರೈಲನ್ನೂ ಸೇರಿಸಿ. ಹತ್ತಿರದ ಕಾರ್ ಪಾರ್ಕ್ ಬಳಿ ಟಾಯ್ಲೆಟ್ ಇದೆ, ಮುಗಿಸಿಕೊಂಡೇ ಹೊರಡಿ. ಬೆಟ್ಟದ ಮೇಲೆ ಏನೂ ಇಲ್ಲ.

ಈಡೇಲ್ ಹಳ್ಳಿ ಇರುವುದು ಸ್ಟೇಷನ್ನಿನ ಉತ್ತರಕ್ಕೆ, ನಾವು ಹತ್ತುವ ಬೆಟ್ಟ ದಕ್ಷಿಣಕ್ಕೆ. ಆದರೂ ಹಳ್ಳಿಯೊಳಗೆ ಒಂದು ಸುತ್ತು ಹೋಗಿಬನ್ನಿ. ಓಲ್ಡ್ ನ್ಯಾಗ್ಸ್ ಹೆಡ್ ಎಂಬ ಹಳೆಯ ಪಬ್ ಹತ್ತಿರ ಪೆನೈನ್ ವೇ ಶುರುವಾಗುತ್ತದೆ. ಇಲ್ಲಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟಮ್ ತನಕ 431 ಕಿ.ಮೀ. ಕಾಲುದಾರಿ, 1965ರಲ್ಲಿ ತೆರೆದದ್ದು. ದೊಡ್ಡ ಬ್ಯಾಗ್ ಹೊತ್ತು ಮೊದಲ ಹೆಜ್ಜೆ ಇಡುತ್ತಿರುವವರು ಅಲ್ಲಿ ಕಾಣಸಿಗುತ್ತಾರೆ.

ವಾಪಸ್ ಬಂದು ಕಣಿವೆಯ ಮುಖ್ಯ ರಸ್ತೆ ಸೇರಿ. ಹಾಲಿನ್ಸ್ ಕ್ರಾಸ್ ಅಥವಾ ಕ್ಯಾಸಲ್ಟನ್ ಎಂದು ಬರೆದ ಕೈಕಂಬ ಹುಡುಕಿ. ಸಣ್ಣ ಹೊಳೆ ದಾಟಿದ ಮೇಲೆ ದಾರಿ ಹೊಲಗಳ ನಡುವೆ ಏರುತ್ತದೆ. ಎದುರಿಗೆ ಆಕಾಶಕ್ಕೆ ತಾಗಿದಂತೆ ಕಾಣುವ ಸಾಲಿನಲ್ಲಿ ಎಲ್ಲಿ ತಗ್ಗಿದೆಯೋ ಅದೇ ಹಾಲಿನ್ಸ್ ಕ್ರಾಸ್.

ಇಲ್ಲಿ ಮೊದಲ ಸಲ ಹೋದವರಿಗೆ ಒಂದು ಅಳುಕು ಬರುತ್ತದೆ. ಯಾರದೋ ಹೊಲ, ಪಕ್ಕದಲ್ಲೇ ಅವರ ಮನೆ, ನಾಯಿ ಬೊಗಳುತ್ತಿದೆ. ನಾವು ಒಳಗೆ ಹೋಗಬಹುದಾ? ಹಳದಿ ಬಾಣದ ಗುರುತು ಇದ್ದರೆ ಧಾರಾಳವಾಗಿ ಹೋಗಬಹುದು. ಅದು ನಡೆಯುವವರ ದಾರಿ. ನೀಲಿ ಬಾಣವಿದ್ದರೆ ಸೈಕಲ್, ಕುದುರೆಯವರೂ ಬರುತ್ತಾರೆ. ಆ ಹೊಲದ ಮಾಲೀಕರಿಗೆ ನಿಮ್ಮನ್ನು ತಡೆಯುವ ಹಕ್ಕಿಲ್ಲ. ನೀವು ವೀಸಾ ಮೇಲೆ ಬಂದ ವಿದ್ಯಾರ್ಥಿ ಎಂಬುದರಿಂದ ಏನೂ ಬದಲಾಗಲ್ಲ.

ಹೊಲದಿಂದ ಹೊಲಕ್ಕೆ ದಾಟುವಲ್ಲಿ ಮರದ ಅಥವಾ ಕಲ್ಲಿನ ಮೆಟ್ಟಿಲು ಇರುತ್ತದೆ. ಮಲೆನಾಡಿನ ತೋಟದ ಬೇಲಿಯಲ್ಲಿ ತಡಮೆ ಇರುತ್ತದಲ್ಲ, ಅದರ ಕೆಲಸವೇ ಇದರದ್ದೂ: ಮನುಷ್ಯ ದಾಟಬೇಕು, ದನ ಕುರಿ ದಾಟಬಾರದು. ಗೇಟು ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ತೆರೆದಿದ್ದರೆ ಹಾಗೇ ಬಿಡಿ, ಕುರಿಗಳು ನೀರಿಗೆ ಹೋಗಲೆಂದು ರೈತರೇ ತೆರೆದಿಟ್ಟಿರಬಹುದು. ಕಲ್ಲುಗೋಡೆಗಳನ್ನು ಹತ್ತಬೇಡಿ. ಗಾರೆ, ಸಿಮೆಂಟು ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟಿದವು ಅವು. ಒಂದು ಕಲ್ಲು ಸರಿದರೆ ಪಕ್ಕದ ನಾಲ್ಕು ಉದುರುತ್ತವೆ, ಮತ್ತೆ ಕಟ್ಟುವವರ ಬೆನ್ನು ಬೀಳುತ್ತದೆ.

ಕುರಿಗಳಿಂದ ಭಯವಿಲ್ಲ. ದನಗಳ ಜೊತೆ ಕರು ಇದ್ದರೆ ಮಾತ್ರ ಎಚ್ಚರ. ತಾಯಿ ಮತ್ತು ಕರುವಿನ ನಡುವೆ ಹೋಗದೆ ದೂರದಿಂದ ಸುತ್ತಿ ಹೋಗಿ. ಎದುರು ಬಂದವರು ‘ಮಾರ್ನಿಂಗ್’ ಅನ್ನುತ್ತಾರೆ. ಊರಲ್ಲಿ ಕಣ್ಣು ತಪ್ಪಿಸಿ ನಡೆಯುವ ಜನ ಬೆಟ್ಟದ ಮೇಲೆ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ. ನೀವೂ ಹೇಳಿ. ದಾರಿ ಕೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗಲ್ಲ.

ಸಾಲಿನ ಮೇಲೆ

ಹಾಲಿನ್ಸ್ ಕ್ರಾಸ್ ಮುಟ್ಟಿದ ಕೂಡಲೇ ಎರಡೂ ಕಡೆಯ ಕಣಿವೆ ತೆರೆದುಕೊಳ್ಳುತ್ತದೆ. ಹಿಂದಿನ ಕಾಲದಲ್ಲಿ ಈಡೇಲ್‌ನಲ್ಲಿ ಚರ್ಚ್ ಇರಲಿಲ್ಲ. ಸತ್ತವರನ್ನು ಇದೇ ದಾರಿಯಲ್ಲಿ ಹೊತ್ತು ಆಚೆ ಬದಿಯ ಹೋಪ್ ಚರ್ಚಿಗೆ ಒಯ್ಯುತ್ತಿದ್ದರು. ನೀವು ಬರಿಗೈಯಲ್ಲಿ ಏದುಸಿರು ಬಿಟ್ಟ ಏರಿನಲ್ಲಿ ಅವರು ಶವಪೆಟ್ಟಿಗೆ ಹೊತ್ತು ಬರುತ್ತಿದ್ದರು.

ಇಲ್ಲಿ ಕೂತು ಊಟ ಬಿಚ್ಚಿ. ಉತ್ತರಕ್ಕೆ, ಈಡೇಲ್‌ನ ಹಿಂದೆ ಕಾಣುವ ಚಪ್ಪಟೆ ತಲೆಯ ಕಪ್ಪು ಬೆಟ್ಟವೇ ಕಿಂಡರ್ ಸ್ಕೌಟ್. ನೂರು ವರ್ಷದ ಹಿಂದೆ ಅಲ್ಲಿಗೆ ಸಾಮಾನ್ಯ ಜನ ಕಾಲಿಡುವಂತಿರಲಿಲ್ಲ. ಶ್ರೀಮಂತರು ಗ್ರೌಸ್ ಎಂಬ ಹಕ್ಕಿ ಬೇಟೆಗೆ ಇಟ್ಟುಕೊಂಡಿದ್ದ ಜಾಗ. ಕಾವಲುಗಾರರು ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಎರಡೂ ಬದಿಯಲ್ಲಿ ಮ್ಯಾಂಚೆಸ್ಟರ್, ಶೆಫೀಲ್ಡ್. ವಾರವಿಡೀ ಮಿಲ್ಲಿನ, ಕಬ್ಬಿಣದ ಕಾರ್ಖಾನೆಯ ಹೊಗೆ ಕುಡಿದ ಲಕ್ಷಾಂತರ ಕೆಲಸಗಾರರಿಗೆ ಭಾನುವಾರ ಕಣ್ಣೆದುರಿನ ಬೆಟ್ಟ ಹತ್ತುವ ಹಕ್ಕಿರಲಿಲ್ಲ.

1932ರ ಏಪ್ರಿಲ್ 24, ಭಾನುವಾರ. ನೂರಾರು ಜನ, ಹೆಚ್ಚಿನವರು ಯುವಕ ಯುವತಿಯರು, ಹೇಫೀಲ್ಡ್ ಕಡೆಯಿಂದ ಬೇಕೆಂದೇ ಕಿಂಡರ್ ಏರಿದರು. ಈಡೇಲ್ ಕಡೆಯಿಂದಲೂ ಒಂದು ಗುಂಪು ಬಂದು ಸೇರಿತು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ನಿಮ್ಮಲ್ಲಿ ಬಹಳ ಜನರಿಗಿಂತ ಚಿಕ್ಕವನು. ಕಾವಲುಗಾರರ ಜೊತೆ ತಳ್ಳಾಟವಾಯಿತು. ರಾತ್‌ಮನ್ ಸೇರಿ ಐದು ಜನರಿಗೆ ಎರಡರಿಂದ ಆರು ತಿಂಗಳು ಜೈಲಾಯಿತು. ಆ ಶಿಕ್ಷೆ ಜನರನ್ನು ಕೆರಳಿಸಿತು, ಚಳವಳಿ ಬೆಳೆಯಿತು. 1949ರಲ್ಲಿ ನ್ಯಾಷನಲ್ ಪಾರ್ಕ್ ಕಾಯ್ದೆ ಬಂತು. 2000ದ ಕಾಯ್ದೆ ಬೆಟ್ಟ, ಬೋಳುಗಾಡುಗಳಲ್ಲಿ ದಾರಿ ಬಿಟ್ಟೂ ಓಡಾಡುವ ಹಕ್ಕು ಕೊಟ್ಟಿತು. ನಿಮ್ಮ ಮ್ಯಾಪಿನ ತಿಳಿ ಹಳದಿ ಬಣ್ಣ ಬಂದದ್ದು ಆ ಕಾಯ್ದೆಯಿಂದ. ಕಾಟ್ಸ್‌ವೋಲ್ಡ್ಸ್ ಎಂಬ ಇನ್ನೊಂದು ಹಳ್ಳಿಗಾಡಿನ ಜೇನುಬಣ್ಣದ ಮನೆಗಳು ಚೆಂದ, ಒಪ್ಪುತ್ತೇನೆ. ಆದರೂ ಇಂಗ್ಲೆಂಡಿನಲ್ಲಿ ಒಂದೇ ದಿನ ಸಿಕ್ಕರೆ ಇಲ್ಲಿಗೇ ಬನ್ನಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಲಿನ್ಸ್ ಕ್ರಾಸ್‌ನಿಂದ ಪಶ್ಚಿಮಕ್ಕೆ ತಿರುಗಿ. ಕಲ್ಲುಚಪ್ಪಡಿ ಹಾಸಿದ ದಾರಿ ನೇರ ಮ್ಯಾಮ್ ಟೋರ್‌ಗೆ ಹೋಗುತ್ತದೆ. ಲಕ್ಷಾಂತರ ಕಾಲುಗಳಿಗೆ ಮಣ್ಣು ಕೊಚ್ಚಿಹೋಗದಿರಲಿ ಎಂದು ಹಾಸಿದ ಚಪ್ಪಡಿ, ಅದರ ಮೇಲೇ ನಡೆಯಿರಿ. ತುದಿಯ ಸುತ್ತ ಏರುಪೇರಾಗಿ ಕಾಣುವುದು ಸುಮಾರು ಮೂರು ಸಾವಿರ ವರ್ಷ ಹಳೆಯ ಮಣ್ಣಿನ ಕೋಟೆಯ ಗೋಡೆ. ತಲೆ ಮೇಲೆ ಒಂದು ಸಿಮೆಂಟಿನ ಕಂಬ, ಅದೇ ಶಿಖರ. ಫೋಟೋಗೆ ಸಾಲು ಹಚ್ಚಿರುತ್ತಾರೆ. ಪೂರ್ವಕ್ಕೆ ನೋಡಿದರೆ ನಡೆದು ಬಂದ ಸಾಲು, ಕೆಳಗೆ ಹೋಪ್ ಕಣಿವೆ, ಅದರ ನಡುವೆ ಸಿಮೆಂಟ್ ಕಾರ್ಖಾನೆಯ ಚಿಮಣಿ. ಬಹಳ ಜನ ಫೋಟೋದಿಂದ ಅದನ್ನು ಕತ್ತರಿಸುತ್ತಾರೆ. ನನಗೆ ಅದಿದ್ದರೇ ಸರಿ ಅನಿಸುತ್ತದೆ. ಇದು ಜನ ಬದುಕುವ, ದುಡಿಯುವ ಕಣಿವೆ.

ಮುರಿದ ರಸ್ತೆಯಲ್ಲಿ ಇಳಿಯುವುದು

ಶಿಖರದಿಂದ ಇನ್ನೊಂದು ಬದಿಗೆ ಕಲ್ಲಿನ ಮೆಟ್ಟಿಲು ಇಳಿಯುತ್ತದೆ. ಕೆಳಗೆ ಡಾಂಬರು ರಸ್ತೆ. ಅಲ್ಲಿಂದ ಎಡಕ್ಕೆ, ಬ್ಲೂ ಜಾನ್ ಕ್ಯಾವರ್ನ್ ಕಡೆಗೆ ಹೋಗುವ ಕಾಲುದಾರಿ ಹಿಡಿಯಿರಿ. ಬ್ಲೂ ಜಾನ್ ಅಂದರೆ ನೇರಳೆ ಮತ್ತು ಹಳದಿ ಪಟ್ಟೆಯ ಒಂದು ಕಲ್ಲು, ಈ ಬೆಟ್ಟಗಳ ಹೆಸರುವಾಸಿ ಸರಕು. ಗುಹೆ ನೋಡಲು ಟಿಕೆಟ್ ಇದೆ. ಹೊತ್ತು ಇದ್ದರೆ ನೋಡಿ, ಇಲ್ಲವಾದರೆ ಬಿಡಿ.

ಬಿಡಬಾರದ್ದು ಅದರ ಮುಂದಿನ ಹಳೆಯ ರಸ್ತೆ. 19ನೇ ಶತಮಾನದ ಆರಂಭದಲ್ಲಿ ಮಾಡಿದ ಈ ರಸ್ತೆ ಶೆಫೀಲ್ಡಿಗೆ ಹೋಗುವ ಮುಖ್ಯ ದಾರಿಯಾಗಿತ್ತು. ಮ್ಯಾಮ್ ಟೋರ್‌ನ ಮೈ ಸಡಿಲವಾದ ಶೇಲ್ ಎಂಬ ಜೇಡಿಗಲ್ಲು ಮತ್ತು ಮರಳುಗಲ್ಲಿನ ಪದರಗಳದು. ಮಳೆಗಾಲ ಜೋರಾದಾಗಲೆಲ್ಲ ಜಾರುತ್ತದೆ. ರಸ್ತೆ ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ವಾಹನಗಳಿಗೆ ಪೂರ್ತಿ ಮುಚ್ಚಿದರು. ಈಗ ಡಾಂಬರಿನ ಪದರಗಳು ಆಳೆತ್ತರ ಮುರಿದು ಬಿದ್ದಿವೆ, ನಡುವಿನ ಬಿಳಿ ಗೆರೆಯೂ ಅಲ್ಲಲ್ಲಿ ಉಳಿದಿದೆ. ಚಾರ್ಮಾಡಿ, ಶಿರಾಡಿ ಘಾಟಿಯ ಕುಸಿತ ಕಂಡವರಿಗೆ ಇದು ಸರಿಯಾಗಿ ಅರ್ಥವಾಗುತ್ತದೆ. ಮುರಿದ ಅಂಚುಗಳ ಹತ್ತಿರ ಸೆಲ್ಫಿಗೆ ನಿಲ್ಲಬೇಡಿ. ಬುಡದಲ್ಲಿ ಓಡಿನ್ ಮೈನ್ ಎಂಬ ಹಳೆಯ ಸೀಸದ ಗಣಿ, ಅದಿರು ಅರೆಯುತ್ತಿದ್ದ ದುಂಡನೆಯ ಕಲ್ಲಿನ ಕಣ ಕಾಣುತ್ತದೆ.

ಕ್ಯಾಸಲ್ಟನ್‌ನಲ್ಲಿ ಒಂದು ಗಂಟೆ ಕೂರಿ. ಮೇಲೆ ಪೆವರಿಲ್ ಕೋಟೆಯ ಅವಶೇಷ, ಕೆಳಗೆ ಟೀ ಅಂಗಡಿಗಳು. ಸಸ್ಯಾಹಾರಿಗಳಿಗೆ ಒಂದು ಮಾತು: ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಕೆಲವು ಕಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಯಾವ ಎಣ್ಣೆ ಎಂದು ಕೇಳಿ, ಯಾರೂ ತಪ್ಪು ತಿಳಿಯಲ್ಲ. ಬೇಯಿಸಿದ ಆಲೂಗಡ್ಡೆ ಮೇಲೆ ಬೀನ್ಸ್ ಹಾಕಿಕೊಡುವ ಜಾಕೆಟ್ ಪೊಟೇಟೊ ಹೊಟ್ಟೆ ತುಂಬಿಸುತ್ತದೆ. ಸ್ಕೋನ್, ಜ್ಯಾಮ್, ಟೀ ಕೂಡ ಚೆನ್ನ. ಮನೆಯಿಂದ ತಂದ ಊಟ ಪಬ್ಬಿನೊಳಗೆ ತೆಗೆಯಬೇಡಿ. ಶೂಗೆ ಕೆಸರಾಗಿದ್ದರೆ ಬಾಗಿಲಲ್ಲೇ ಕೇಳಿ ಒಳಗೆ ಹೋಗಿ.

ಕ್ಯಾಸಲ್ಟನ್‌ನಿಂದ ಹೋಪ್ ಸ್ಟೇಷನ್ ಸುಮಾರು ಮೂರೂವರೆ ಕಿ.ಮೀ. ಹಳ್ಳದ ಪಕ್ಕದ ಸಮತಟ್ಟು ದಾರಿ, ಮುಕ್ಕಾಲು ಗಂಟೆ ಬೇಕು. ಸ್ಟೇಷನ್ ಇರುವುದು ಹೋಪ್ ಊರು ದಾಟಿದ ಮೇಲೆ, ಊರೊಳಗಲ್ಲ. ಆ ಹೆಚ್ಚಿನ ನಡಿಗೆಯನ್ನು ಲೆಕ್ಕಕ್ಕೆ ಹಿಡಿಯದವರು ರೈಲು ತಪ್ಪಿಸಿಕೊಳ್ಳುತ್ತಾರೆ. ಕಾಲು ಸೋತಿದ್ದರೆ ಕ್ಯಾಸಲ್ಟನ್‌ನಿಂದ ಶೆಫೀಲ್ಡಿಗೆ ಬಸ್ಸೂ ಇದೆ.

ಹೊತ್ತಿನ ಲೆಕ್ಕ, ತುರ್ತಿನ ಲೆಕ್ಕ

ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ನಡೆಯುತ್ತದೆ. ಐದು ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 12 ಕಿ.ಮೀ., 300 ಮೀಟರ್ ಏರು ಅಂದರೆ ಮೂರು ಗಂಟೆ. ಅದು ಅಭ್ಯಾಸವಿದ್ದವರಿಗೆ, ಎಲ್ಲೂ ನಿಲ್ಲದೆ ನಡೆದರೆ. ಊಟ, ಫೋಟೋ, ಟೀ ಸೇರಿಸಿ ನೀವು ಆರು ಗಂಟೆ ಇಟ್ಟುಕೊಳ್ಳಿ. ಕತ್ತಲಾಗುವ ಎರಡು ಗಂಟೆ ಮೊದಲು ಶಿಖರ ಬಿಟ್ಟಿರಬೇಕು. ಮಂಜು ಕವಿದು ದಾರಿ ಕಾಣದಿದ್ದರೆ ಮ್ಯಾಮ್ ಟೋರ್ ಆಸೆ ಬಿಟ್ಟು ಹಾಲಿನ್ಸ್ ಕ್ರಾಸ್‌ನಿಂದಲೇ ನೇರ ಕ್ಯಾಸಲ್ಟನ್‌ಗೆ ಇಳಿದುಬಿಡಿ.

ಹೊರಡುವಾಗ ಫ್ಲ್ಯಾಟ್‌ಮೇಟ್ ಒಬ್ಬರಿಗೆ ದಾರಿ ಮತ್ತು ವಾಪಸ್ ಬರುವ ಹೊತ್ತು ಮೆಸೇಜ್ ಮಾಡಿ. ಬೆಟ್ಟದಲ್ಲಿ ಏನಾದರೂ ಆದರೆ 999ಕ್ಕೆ ಕರೆ ಮಾಡಿ, ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಿ. ಬರುವವರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಬಿಲ್ ಬರುತ್ತದೆ ಎಂಬ ಭಯಕ್ಕೆ ಕರೆ ಮಾಡದೆ ಕೂರಬೇಡಿ. ಫೋನ್ ಸಿಗದಿದ್ದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಊದಿ.

ಮನೆಗೆ ಬಂದ ಮೇಲೆ ಕಾಲು, ಮೊಣಕಾಲ ಹಿಂಭಾಗ ನೋಡಿಕೊಳ್ಳಿ. ಎತ್ತರದ ಹುಲ್ಲಿನಲ್ಲಿ ಉಣ್ಣಿ ಇರುತ್ತದೆ. ಕಚ್ಚಿದ್ದರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ಮೆಲ್ಲಗೆ ಎಳೆಯಿರಿ. ಮುಂದಿನ ವಾರಗಳಲ್ಲಿ ಅಲ್ಲಿ ಕೆಂಪಗೆ ಬಳೆಯಂತೆ ಹರಡಿದರೆ ತಡಮಾಡದೆ ಜಿಪಿ, ಅಂದರೆ ಅಲ್ಲಿನ ಸ್ಥಳೀಯ ವೈದ್ಯರ ಹತ್ತಿರ ಹೋಗಿ.

ಬೇರೆ ಊರಲ್ಲಿ ಓದುವವರು ಇದೇ ಕ್ರಮದಲ್ಲಿ ತಮ್ಮ ದಾರಿ ಹುಡುಕಿಕೊಳ್ಳಬಹುದು: ಒಂದು ಸ್ಟೇಷನ್ನಿನಲ್ಲಿ ಇಳಿದು, ನಡೆದು, ಸಾಧ್ಯವಾದರೆ ಇನ್ನೊಂದರಲ್ಲಿ ಹತ್ತುವುದು. ಲಂಡನ್ನಿನವರಿಗೆ ಬಾಕ್ಸ್ ಹಿಲ್ ಹತ್ತಿರ. ದಿನವಿಡೀ ನಡೆಯಬಲ್ಲವರಿಗೆ ಸೀಫರ್ಡ್‌ನಿಂದ ಈಸ್ಟ್‌ಬೋರ್ನ್ ತನಕ ಸೆವೆನ್ ಸಿಸ್ಟರ್ಸ್‌ನ ಬಿಳಿ ಸುಣ್ಣದ ಬಂಡೆಗಳ ದಾರಿ ಇದೆ. ಬರ್ಮಿಂಗ್‌ಹ್ಯಾಮ್‌ನವರು ಗ್ರೇಟ್ ಮಾಲ್ವರ್ನ್‌ಗೆ ಹೋಗಿ, ಸ್ಟೇಷನ್ನಿಂದಲೇ ಬೆಟ್ಟ ಹತ್ತಬಹುದು. ಲೀಡ್ಸ್‌ನವರಿಗೆ ಇಲ್ಕ್ಲಿ, ಸೌತಾಂಪ್ಟನ್‌ನವರಿಗೆ ಬ್ರಾಕನ್‌ಹರ್ಸ್ಟ್‌ನಲ್ಲಿ ಇಳಿದರೆ ನ್ಯೂ ಫಾರೆಸ್ಟಿನ ಕುದುರೆಗಳು. ಎಲ್ಲಿಗೇ ಹೋದರೂ ಭಾನುವಾರದ ರೈಲು ವೇಳಾಪಟ್ಟಿ ಬೇರೆ ಇರುತ್ತದೆ, ಹಳಿ ರಿಪೇರಿಗೆ ರೈಲು ನಿಲ್ಲಿಸಿ ಬಸ್ ಬಿಡುವುದೂ ಭಾನುವಾರವೇ ಜಾಸ್ತಿ. ಶನಿವಾರ ಬಿಡುವಿದ್ದರೆ ಶನಿವಾರವೇ ಹೊರಡಿ.